ಟೈಲರ್ ಮಾವನ ಗೋಡೆಯ ಕತ್ತಿಗಳು

ನಿಮಗೆ ಯಾವತ್ತಾದರೂ ಹೀಗಾಗಿದೆಯಾ, ನಿಜ ಹೇಳಿ. ಕಣ್ಣಿಗೆ ಗುರುತು ಸಿಗುವ ಮೊದಲೇ ಮೂಗಿಗೆ ಸಿಕ್ಕಿಬಿಡುವುದು?

ನನಗೆ ಹೋದ ವಾರ ಆಯಿತು. ನೆಂಟರ ಜೊತೆ ನಿಟ್ಟೂರಿನ ಕಡೆ ಒಂದು ಹೋಂಸ್ಟೇಗೆ ಹೋಗಿದ್ದೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಿದ್ದ ಹಾಗೆ ಕಬ್ಬಿಣಕ್ಕೆ ಸವರಿದ ಕೊಬ್ಬರಿ ಎಣ್ಣೆಯ ವಾಸನೆ. ತಲೆಯೆತ್ತಿದರೆ ಗೋಡೆಯ ತುಂಬ ಕತ್ತಿಗಳು, ಕೊಂಬೆ ಸವರುವ ಮಲೆನಾಡಿನ ಕತ್ತಿಗಳು. ಮೂಗು ಬಾಗಿದವು, ಮೊಳದುದ್ದದವು, ಎರಡು ಕೈಯಲ್ಲಿ ಎತ್ತಬೇಕಾದಂಥವು. ಹಳದಿ ದೀಪ ಬಿಟ್ಟು ಸಾಲಾಗಿ ನೇತುಹಾಕಿದ್ದರು. ಜೊತೆಗೆ ಬಂದವರೆಲ್ಲ ಅದರ ಕೆಳಗೆ ನಿಂತು ಸೆಲ್ಫಿ ತೆಗೆದುಕೊಂಡರು. ನಾನು ಮಾತ್ರ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಏನಾಯ್ತು, ಬಿಪಿನಾ?" ಎಂದರು.

ಬಿಪಿ ಅಲ್ಲ. ಟೈಲರ್ ಮಾವ.

ಮಾವ ಅಂದರೆ ಸಂಬಂಧದ ಮಾವ ಅಲ್ಲ. ಅರವತ್ತರ ದಶಕದಲ್ಲಿ, ಸಾಗರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರು ಆ ಕಡೆಯಿಂದ ಮೊಳೆ ಹೊಡೆದರೆ ಈ ಕಡೆ ನಮ್ಮ ಕ್ಯಾಲೆಂಡರ್ ನೆಲಕ್ಕೆ ಬೀಳುತ್ತಿತ್ತು. ಅಮ್ಮ ಅದನ್ನು ಎತ್ತಿ ಹಾಕುತ್ತಾ, "ಇವತ್ತು ಮತ್ತೊಂದು ಕತ್ತಿ ಬಂತು ನೋಡು" ಅನ್ನುತ್ತಿದ್ದಳು. ಕೈ ಒರೆಸಿಕೊಂಡು ನೋಡಲೂ ಹೋಗುತ್ತಿದ್ದಳು, ಆ ಮಾತು ಬೇರೆ.

ಮಾವ ಬಡಕಲು ಮನುಷ್ಯ. ಜೀವಮಾನದಲ್ಲಿ ಮರದ ಒಂದು ಗೆಲ್ಲು ಕಡಿದವರಲ್ಲ. ಕೈಗೆ ಗೊತ್ತಿದ್ದದ್ದು ಕತ್ತರಿ, ಸೂಜಿ, ಅಷ್ಟೇ. ಅಂಥವರಿಗೆ ಈ ದೊಡ್ಡ ಕತ್ತಿಗಳ ಹುಚ್ಚು ಎಲ್ಲಿಂದ ಹತ್ತಿತೋ... ಹೊಲಿಗೆ ಮಿಷಿನ್ ಇದ್ದ ಮುಂದಿನ ಕೋಣೆಯ ಗೋಡೆಗೆ ಇಪ್ಪತ್ತಮೂರು ಕತ್ತಿಗಳನ್ನು ನವಿಲು ಗರಿ ಬಿಚ್ಚಿದ ಹಾಗೆ ಹರಡಿ ನೇತುಹಾಕಿದ್ದರು. ಅಳತೆ ಕೊಡಲು ಬಂದವರು ಅದರ ಕೆಳಗೇ ನಿಲ್ಲಬೇಕು. ಹೆದರಿ ಉಸಿರು ಬಿಗಿಹಿಡಿಯುತ್ತಿದ್ದರು. ಹಾಗಾಗಿ ಮಾವ ಹೊಲಿದ ಅಂಗಿ, ರವಿಕೆ ಎಲ್ಲವೂ ಒಂದು ಬೆರಳು ಬಿಗಿ. ಸಾಗರದಲ್ಲಿ ಯಾರಾದರೂ ಮೈಗಂಟಿದ ಅಂಗಿ ಹಾಕಿಕೊಂಡು ಬಂದರೆ, "ಏನು, ಕತ್ತಿ ಕೆಳಗೆ ಹೊಲಿಸಿದ್ದಾ?" ಎಂದು ಕೇಳುತ್ತಿದ್ದರು.

ಅವರ ಹೆಂಡತಿಯನ್ನು ನಾನು ಅತ್ತೆ ಅನ್ನುತ್ತಿದ್ದೆ. ಅತ್ತೆಯ ಗೋಳು ಬೇರೆ. "ಗೋಡೆ ತುಂಬ ಕತ್ತಿ ಐತೆ, ಅಡುಗೆಮನೇಲಿ ಸೊಪ್ಪು ಹೆಚ್ಚೋಕೆ ಗತಿ ಇಲ್ಲ. ಈಳಿಗೆಗೆ ಹಲ್ಲು ಬಿದ್ದು ವರ್ಷ ಆಯ್ತು!" ಮಾವ ಮಿಷಿನ್ ತುಳಿಯುತ್ತಲೇ, "ಅವು ನೋಡೋಕೆ ಕಣೇ, ಹೆಚ್ಚೋಕಲ್ಲ" ಅನ್ನುತ್ತಿದ್ದರು.

ನೋಡೋಕೆ, ನಿಜ. ಹತ್ತು ಗಂಟೆಯ ಬಿಸಿಲು ಕಿಟಕಿಯಿಂದ ಬಂದು ಆ ಕತ್ತಿಗಳಿಗೆ ತಾಗಿದಾಗ ಬೆಳಕೆಲ್ಲ ಎದ್ದು ಹೆಂಚಿನ ಮಾಡಿಗೆ ಹೋಗಿ ಕೂರುತ್ತಿತ್ತು. ಬೀದಿಯಲ್ಲಿ ಬಸ್ಸು ಹೋದರೆ ಗೋಡೆ ನಡುಗಿ, ಮೇಲಿನ ಬೆಳಕಿನ ಚೂರುಗಳು ಮೀನಿನ ಹಾಗೆ ಬಾಲ ಬಡಿದು ಈಜುತ್ತಿದ್ದವು. ನಾನು ಬೆಂಚಿನ ಮೇಲೆ ಅಂಗಾತ ಮಲಗಿ ಅದನ್ನೇ ನೋಡುತ್ತಿದ್ದೆ. ನೋಡುತ್ತ ನೋಡುತ್ತ ನಾನೇ ನೀರಿನಡಿ ಇದ್ದೇನೆ, ಮೇಲೆಲ್ಲೋ ಹೊಳೆ ಹರಿಯುತ್ತಿದೆ ಅನ್ನಿಸುತ್ತಿತ್ತು. ಎಷ್ಟೋ ದಿನ ಹಾಗೇ ನಿದ್ದೆಹೋಗಿದ್ದೇನೆ...

ನೀರಿನ ಮಾತು ಸುಮ್ಮನೆ ಬರಲಿಲ್ಲ. ಶರಾವತಿಗೆ ಅಣೆಕಟ್ಟೆ ಕಟ್ಟಿ ನೀರು ನಿಲ್ಲಿಸಿದ ಕಾಲ ಅದು. ಮುಳುಗುವ ಊರುಗಳ ಜನ ಲಾರಿ ಹತ್ತಿ ಎಲ್ಲೆಲ್ಲಿಗೋ ಹೋಗುತ್ತಿದ್ದರು. ಲಾರಿಯಲ್ಲಿ ಹಿಡಿಸದ್ದನ್ನು ಸಾಗರದ ಗುಜರಿಗೆ ಹಾಕಿ ಹೋಗುತ್ತಿದ್ದರು. ಹಂಡೆ, ನೇಗಿಲ ಕುಳ, ಕತ್ತಿ. ಮಾವ ಸಂತೆಯ ದಿನ ಆ ಗುಜರಿ ರಾಶಿಯಲ್ಲಿ ಕೈಯಾಡಿಸಿ ಕತ್ತಿಗಳನ್ನು ಆರಿಸಿ ತರುತ್ತಿದ್ದರು. ತಂದವರು ಹಾಗೇ ನೇತುಹಾಕುತ್ತಿರಲಿಲ್ಲ. ಇಟ್ಟಿಗೆ ಪುಡಿ ಹಾಕಿ ತಿಕ್ಕಿ, ಎರಡೂ ಮಗ್ಗುಲು ಮಸೆದು ಕನ್ನಡಿ ಮಾಡುವುದು. ಬೆವರು ಕುಡಿದು ಕಪ್ಪಾದ ಹಳೆಯ ಮರದ ಹಿಡಿಯನ್ನು ಕಿತ್ತು ಎಸೆಯುವುದು. ಬಡಗಿಯ ಹತ್ತಿರ ಒಂದೇ ಅಳತೆಯಲ್ಲಿ ಮಾಡಿಸಿದ ಬೀಟೆಯ ಹಿಡಿ ಕೂರಿಸಿ, ಹಿತ್ತಾಳೆ ಬಳೆ ತೊಡಿಸುವುದು. ಆಮೇಲೆ ಕೊಬ್ಬರಿ ಎಣ್ಣೆ. ಆಯುಧಪೂಜೆಯ ದಿನ ಪ್ರತಿ ಕತ್ತಿಗೂ ಒಂದೊಂದು ಚೆಂಡುಹೂವು ಸಿಕ್ಕಿಸಿದರೆ ಇಡೀ ಬೀದಿ ನೋಡಲು ಬರುತ್ತಿತ್ತು. ವರ್ಷವಿಡೀ ಬಗ್ಗಿ ಹೊಲಿಯುವ ಮಾವ ಅವತ್ತೊಂದು ದಿನ ಬೆನ್ನು ನೆಟ್ಟಗೆ ಮಾಡಿ ಬಾಗಿಲಲ್ಲಿ ನಿಲ್ಲುತ್ತಿದ್ದರು.

ಕಿತ್ತ ಹಿಡಿಗಳು ಬಚ್ಚಲ ಒಲೆಯ ಪಾಲು. ಒಂದು ಮಾತ್ರ ನನ್ನ ಪಾಲಿಗೆ ಬಂತು. ಸೌದೆ ರಾಶಿಯಿಂದ ಎತ್ತಿಕೊಂಡಿದ್ದೆ. ಗೊಂಬೆ ಮಾಡಿಕೊಂಡೆ. ಅದರ ಸೊಂಟಕ್ಕೆ ಮೊದಲೇ ತಾಮ್ರದ ತಂತಿಯ ಡಾಬು ಇತ್ತು, ಒಂದು ಕೆನ್ನೆಯಲ್ಲಿ ಗುಳಿ ಇತ್ತು. ಮಾವ ಕೆಂಪು ಸ್ಯಾಟಿನ್ ಚೂರಿನಲ್ಲಿ ಅದಕ್ಕೊಂದು ಲಂಗ ಹೊಲಿದುಕೊಟ್ಟರು. ನನಗಾಗ ಆರೋ ಏಳೋ. ಆ ಗೊಂಬೆ ಇಲ್ಲದೆ ಊಟಕ್ಕೂ ಕೂರುತ್ತಿರಲಿಲ್ಲ.

ಒಂದು ನವರಾತ್ರಿ. ನಾಳೆ ಆಯುಧಪೂಜೆ ಅನ್ನುವ ದಿನ ಬೆಳಿಗ್ಗೆ, ಹೊಸನಗರದ ಬಸ್ಸಿಳಿದು ಒಬ್ಬ ಹೆಂಗಸು ಬಂದಳು. ಕಾಲೆಲ್ಲ ಕೆಂಪು ಧೂಳು.

"ಟೈಲರ್ರು ಅಂದ್ರೆ ನೀವೆಯಾ?"

"ಹೌದಮ್ಮ. ಹಬ್ಬಕ್ಕೆ ಬೇಕು ಅಂದ್ರೆ ಆಗಲ್ಲ, ಈಗ್ಲೇ ಹೇಳ್ತೀನಿ."

"ಹೊಲಿಯಾಕೆ ಬಂದಿದ್ದಲ್ಲ. ನಮ್ಮಪ್ಪನ ಕತ್ತಿ ನೋಡಾಕೆ ಬಂದೆ. ಗುಜರಿಯವ್ನು ಇಲ್ಲೈತೆ ಅಂದ."

ಮಾವನ ಕಾಲು ಮಿಷಿನ್ ಮೇಲೆ ನಿಂತಿತು. ಅವಳು ನಿಂತಲ್ಲೇ ಎಲ್ಲ ಹೇಳಿದಳು. ಊರು ಮುಳುಗಿತು, ಹೊಸನಗರದ ಕಡೆ ಕಾಡಲ್ಲಿ ಜಾಗ ಕೊಟ್ಟರು. ಹೊರಡುವ ದಿನ ಅವಳ ತಮ್ಮ ಪಾತ್ರೆಗಳ ಜೊತೆ ಅಪ್ಪನ ಕತ್ತಿಯನ್ನೂ ಗುಜರಿಗೆ ಹಾಕಿದ್ದ. ಅಪ್ಪನಿಗೆ ಹೇಳಿರಲಿಲ್ಲ. ಈಗ ಅಪ್ಪ ಹಾಸಿಗೆ ಹಿಡಿದಿದ್ದಾರೆ.

"ಮಲಗಿದಲ್ಲೇ ದಿನಕ್ಕೆ ನೂರು ಸಲ ಸೊಂಟ ತಡಕ್ತಾರೆ. ಕತ್ತಿ ಸಿಕ್ಕಿಸ್ಕಳೋ ಕೊಕ್ಕೆ ಐತೆ, ಕತ್ತಿ ಇಲ್ಲ. ಯಾರೋ ಕದ್ದರು ಅಂತ ನನ್ನ ಮಕ್ಕಳಿಗೆ ಬೈತಾರೆ. ಮೂರು ದಿನ ಆತು, ಗಂಜಿನೂ ಬಿಟ್ಟಾರೆ. ತಮ್ಮ ಹೊಸಾದೊಂದು ತಂದುಕೊಟ್ಟ. ಕಣ್ಣು ಕಾಣ್ತಿಲ್ಲ ಅವ್ರಿಗೆ, ಆದ್ರೂ ಹಿಡಿ ಮುಟ್ಟಿದ್ದೇ ಎಸೆದ್ರು. ನಂದಲ್ಲ ಇದು ಅಂದ್ರು."

"ಯಾವುದು ಅಂತ ತೋರ್ಸಮ್ಮ, ಕೊಟ್ಬಿಡ್ತೀನಿ. ನಾನೇನು ಕಳ್ಳ ಅಲ್ಲ" ಎಂದರು ಮಾವ. ದನಿಯಲ್ಲಿ ಸ್ವಲ್ಪ ಗತ್ತೂ ಇತ್ತು.

ಅವಳು ಗೋಡೆಯ ಮುಂದೆ ಈ ತುದಿಯಿಂದ ಆ ತುದಿಗೆ ನಡೆದಳು. ಮತ್ತೆ ಆ ತುದಿಯಿಂದ ಈ ತುದಿಗೆ. ಒಂದೊಂದನ್ನೇ ಮುಟ್ಟಿದಳು. ಕಣ್ಣು ಮುಚ್ಚಿ ಹಿಡಿದು ನೋಡಿದಳು. ಮಾಡಿನ ಮೇಲೆ ಬೆಳಕಿನ ಮೀನುಗಳು ದಿಕ್ಕೆಟ್ಟು ಓಡಾಡಿದವು.

"ಇವಕ್ಕೆ ಏನು ಮಾಡಿದೀರಿ?"

"ಚಂದ ಮಾಡಿದೀನಿ."

"ನಮ್ಮಪ್ಪ ಎಡಚರು. ಎಡಚರ ಕತ್ತಿ ಬೇರೆ ಮಗ್ಗುಲಿಗೆ ಮಸೆದಿರ್ತದೆ. ಅದರ ಮೇಲೆ ಗುರ್ತು ಹಿಡೀತಿದ್ದೆ. ನೀವು ಎಲ್ಲಾ ತಿಕ್ಕಿ ಒಂದೇ ಮಾಡಿದೀರಿ. ಹಳೇ ಹಿಡಿ ಎಲ್ಲಿ?"

ಒಳಗಿಂದ ಅತ್ತೆಯೇ ಹೇಳಿದರು, "ಒಲೆಗೆ ಹಾಕಿದ್ವಮ್ಮ. ಹೋದ ದೀಪಾವಳಿ ಎಣ್ಣೆನೀರು ಕಾದಿದ್ದೇ ಅದ್ರಲ್ಲಿ."

ಆ ಹೆಂಗಸು ಅಳಲಿಲ್ಲ. ತನ್ನ ಅಂಗೈಯನ್ನೇ ನೋಡಿಕೊಂಡು ಹೇಳಿದಳು, "ಹಿಡಿ ಸೀಳು ಬಿಟ್ಟಿತ್ತು. ತಾಮ್ರದ ತಂತಿ ಸುತ್ತಿದ್ರು. ಅವ್ರ ಹೆಬ್ಬೆಟ್ಟು ಕೂತು ಕೂತು ಇಲ್ಲೊಂದು ಗುಳಿ ಬಿದ್ದಿತ್ತು."

ನಾನು ಬೆಂಚಿನ ಮೇಲಿದ್ದೆ. ಗೊಂಬೆ ನನ್ನ ಮಡಿಲಲ್ಲಿತ್ತು. ಮುಚ್ಚಿಡದೆ ಹೇಳುತ್ತೇನೆ, ನನಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾಗಿ ನಾನು ಮಾಡಿದ್ದೇನು? ಗೊಂಬೆಯನ್ನು ನನ್ನ ಲಂಗದ ಕೆಳಗೆ ತಳ್ಳಿ ಅದರ ಮೇಲೆ ಕೂತೆ. ಮಕ್ಕಳು ದೇವರ ಸಮಾನ ಅಂತ ಯಾರಾದರೂ ಬರೆದರೆ ನನಗೆ ನಗು ಬರುತ್ತದೆ.

ಅವಳು ಒಂದು ಚೊಂಬು ನೀರು ಕುಡಿದು ಬಸ್ ಸ್ಟ್ಯಾಂಡಿನ ಕಡೆ ಹೋದಳು. ಮಾವ ಮತ್ತೆ ಮಿಷಿನ್ ತುಳಿದರು. ಬಟ್ಟೆ ಎಲ್ಲೋ, ಹೊಲಿಗೆ ಎಲ್ಲೋ. ಬಿಚ್ಚಿದರು. ಮತ್ತೆ ಹೊಲಿದರು, ಮತ್ತೆ ವಾರೆ. ನನ್ನ ತೊಡೆಯ ಕೆಳಗೆ ಗೊಂಬೆಯ ತಂತಿ ಚುಚ್ಚುತ್ತಿತ್ತು... ತಡೆಯಲಾಗಲಿಲ್ಲ. ಎದ್ದುಹೋಗಿ ಮಾವನ ಮುಂದೆ ಹಿಡಿದೆ.

"ಮಾವ, ಇದಕ್ಕೆ ತಂತಿ ಉಂಟು."

ಅವರು ಕೆಂಪು ಲಂಗ ಬಿಚ್ಚಿದರು. ಹಿಡಿಯನ್ನು ಬಲಗೈಯಲ್ಲಿ ಹಿಡಿದು ಹೆಬ್ಬೆಟ್ಟನ್ನು ಗುಳಿಯ ಮೇಲೆ ಇಡಲು ನೋಡಿದರು. ಕೂರಲಿಲ್ಲ. ಎಡಗೈಗೆ ತೆಗೆದುಕೊಂಡರು. ಹೆಬ್ಬೆಟ್ಟು ತಾನಾಗಿ ಹೋಗಿ ಗುಳಿಯೊಳಗೆ ಮಲಗಿತು.

ಕೊರಳಲ್ಲಿ ಅಳತೆ ಪಟ್ಟಿ ನೇತಾಡುತ್ತಿದ್ದ ಹಾಗೇ, ಬರಿಗಾಲಲ್ಲಿ ಮಾವ ಬಸ್ ಸ್ಟ್ಯಾಂಡಿಗೆ ಓಡಿದರು.

ವಾಪಸು ಬಂದ ಹೆಂಗಸು ಹಿಡಿಯನ್ನು ಸೆರಗಲ್ಲಿ ಮುಚ್ಚಿಕೊಂಡು, "ಇಷ್ಟು ಸಾಕು ಬಿಡಿ, ಇದೇ ಅವ್ರದ್ದು" ಎಂದಳು.

"ಬರೀ ಹಿಡಿ ಕೊಟ್ರೆ ಮುದುಕರು ಇನ್ನೊಂದು ಸಲ ತಡಕ್ತಾರೆ, ಕೂತ್ಕೋ" ಎಂದರು ಮಾವ.

ಕತ್ತಿಯ ಹಿಂಬದಿಯ ಚೂಪು ಬಾಲವನ್ನು ಕೆಂಪಗೆ ಕಾಯಿಸಿ ಮರದೊಳಗೆ ಇಳಿಸುತ್ತಾರೆ. ಸುಟ್ಟುಕೊಂಡೇ ಅದು ತನ್ನ ಜಾಗ ಮಾಡಿಕೊಳ್ಳುತ್ತದೆ. ಹಾಗಾಗಿ ಒಂದು ಹಿಡಿಯ ತೂತಿಗೆ ಇನ್ನೊಂದು ಕತ್ತಿ ಸರಿಯಾಗಿ ಕೂರುವುದಿಲ್ಲ. ಕಂಡುಹಿಡಿಯಬೇಕೆಂದರೆ ಒಂದೇ ದಾರಿ. ಮಾವ ಇಪ್ಪತ್ತಮೂರನ್ನೂ ಗೋಡೆಯಿಂದ ಇಳಿಸಿದರು. ಒಂದೊಂದರ ಬೀಟೆಯ ಹಿಡಿಯನ್ನು ತಾವೇ ಒಡೆದು ತೆಗೆದು, ಹಳೆಯ ಹಿಡಿಯನ್ನು ಕೂರಿಸಿ ನೋಡತೊಡಗಿದರು.

ಅತ್ತೆ ತಲೆಯ ಮೇಲೆ ಕೈಯಿಟ್ಟುಕೊಂಡರು. "ನಾಳೆ ಪೂಜೆಗೆ ಜನ ಬರ್ತಾರೆ ಕಣ್ರೀ!"

"ಬರ್ಲಿ. ಮೊಳೆಗೆ ಪೂಜೆ ಮಾಡಿ ಹೋಗ್ಲಿ."

ನೆಲದ ತುಂಬ ಒಡೆದ ಬೀಟೆ, ಉರುಳಿದ ಹಿತ್ತಾಳೆ ಬಳೆಗಳು. ಕೆಲವು ಸಡಿಲ, ಕೆಲವು ಒಳಗೇ ಹೋಗಲಿಲ್ಲ. ಊಟದ ಹೊತ್ತು ಮೀರಿತು. ಹದಿನೇಳೋ ಹದಿನೆಂಟೋ ಇರಬೇಕು... ಗೋಡೆಯ ತುದಿಯಲ್ಲಿ, ತೆರೆದ ಬಾಗಿಲ ಮರೆಗೆ ನೇತುಹಾಕಿದ್ದ ಒಂದು ಮೋಟು ಕತ್ತಿ. ಸುತ್ತಿಗೆ ಮುಟ್ಟಿಸುವ ಮೊದಲೇ, ಸಂಜೆ ಕೊಟ್ಟಿಗೆಗೆ ಬರುವ ದನದ ಹಾಗೆ, ಒಳಗೆ ಹೋಗಿ ನಿಂತಿತು.

ಆ ಹೆಂಗಸು ಹತ್ತಿರ ಬಂದು ಗುಳಿಯ ಮೇಲೆ ಬೆರಳಾಡಿಸಿದಳು.

ಮಾವ ಅರಗು ಕಾಯಿಸಿ ಹಿಡಿ ಭದ್ರ ಮಾಡಿದರು. ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು, ಜಗಳ ಬರುತ್ತದೆ ಅಂತ ನಮ್ಮಲ್ಲಿ. ನೆಲದ ಮೇಲಿಟ್ಟು ಹಿಂದೆ ಸರಿದರು. ಅವಳು ಬಗ್ಗಿ ಎತ್ತಿಕೊಂಡು ಕಣ್ಣಿಗೊತ್ತಿಕೊಂಡಳು. ಹೊರಡುವಾಗ ಮಿಷಿನ್ ಮೇಲಿದ್ದ ಕೆಂಪು ಲಂಗವನ್ನು ತೆಗೆದು ನನ್ನ ಕೈಯಲ್ಲಿಟ್ಟು, "ಇದು ನಿಂದು ಮಗಾ" ಎಂದಳು. ಲಂಗ ಉಂಟು, ಗೊಂಬೆ ಇಲ್ಲ. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಮಾವ ಆ ಸ್ಯಾಟಿನ್ ಚೂರನ್ನು ಇಸಿದುಕೊಂಡು, ತಮ್ಮ ದೊಡ್ಡ ಕತ್ತರಿಯ ಹೆಬ್ಬೆಟ್ಟಿನ ಬಳೆಗೆ ಬಿಗಿಯಾಗಿ ಸುತ್ತಿ, ದಾರದಿಂದ ಹೊಲಿದರು. "ಇನ್ಮೇಲೆ ಇದೇ ನಿನ್ನ ಗೊಂಬೆ. ಆದ್ರೆ ಕೆಲಸಕ್ಕೆ ಹೋಗೋ ಗೊಂಬೆ, ನನ್ನ ಹತ್ರನೇ ಇರ್ಲಿ."

ಮರುದಿನ ಜನ ಬಂದರು. ಬರಿಯ ಮೊಳೆಗಳನ್ನು ನೋಡಿ ನಕ್ಕರು. ಮಾವ ಬಾಗಿಲಲ್ಲಿ ನಿಲ್ಲದೆ ಒಳಗೇ ಇದ್ದರು.

ಆ ಹೆಂಗಸು ಸಂಕ್ರಾಂತಿಯ ಹೊತ್ತಿಗೆ ಮತ್ತೆ ಬಂದಳು, ರವಿಕೆ ಹೊಲಿಸಲು. ಅಪ್ಪ ತೀರಿಕೊಂಡಿದ್ದರು. "ಸೊಂಟ ತಡಕೋದು ಬಿಟ್ಟಿದ್ರು" ಎಂದಳು. "ಎಡಗೈಲಿ ಹಿಡ್ಕಂಡು ಮಲಗ್ತಿದ್ರು. ಗಂಜಿ ಕುಡೀತಿದ್ರು. ಹೋಗೋವಾಗ್ಲೂ ಕೈಯಲ್ಲೇ ಇತ್ತು." ಆ ಸುದ್ದಿ ಹೇಗೋ ಹಬ್ಬಿ, ಮುಳುಗಿದ ಊರುಗಳ ಇನ್ನೂ ಕೆಲವರು ಬಂದರು. ಕತ್ತಿಗಳನ್ನು ಹಿಡಿದು ನೋಡಿದರು, ಇಟ್ಟರು, ಹೋದರು. ಅವರ ಹಿಡಿಗಳೆಲ್ಲ ಬೂದಿಯಾಗಿದ್ದವು. ಯಾರಾದರೂ ಬಂದುಹೋದ ದಿನ ಮಾವ ಊಟ ಮಾಡುತ್ತಿರಲಿಲ್ಲ. ಕತ್ತಿಗಳನ್ನು ಗೋಣಿಯಲ್ಲಿ ಕಟ್ಟಿಟ್ಟರು. ನವಿಲುಗರಿಯ ಮೊಳೆಗಳಿಗೆ ಅರ್ಧ ಹೊಲಿದ ಬಟ್ಟೆಗಳು ಬಂದವು. ಮಾಡಿನ ಮೇಲಿನ ಮೀನುಗಳು ಹೋದವು.

ನಾನು ಮದುವೆಯಾಗಿ ತೀರ್ಥಹಳ್ಳಿ ಸೇರಿದೆ. ಮಾವ ಹೋದ ಸುದ್ದಿ ತಡವಾಗಿ ತಿಳಿಯಿತು. ಓಡಿಹೋಗಿ ಅತ್ತೆಯನ್ನು ತಬ್ಬಿಕೊಂಡು, ಸಮಾಧಾನ ಹೇಳುವುದನ್ನೂ ಮರೆತು, "ಕತ್ತರಿ ಎಲ್ಲಿ ಅತ್ತೆ?" ಎಂದು ಕೇಳಿದೆ. ಮಿಷಿನ್ ಜೊತೆಗೆ ಅದನ್ನೂ ಯಾರೋ ತೆಗೆದುಕೊಂಡು ಹೋಗಿದ್ದರಂತೆ. ಯಾರು ಅಂತ ಅತ್ತೆಗೆ ನೆನಪಿರಲಿಲ್ಲ...

ಹೋದ ವಾರ ಆ ಹೋಂಸ್ಟೇಯ ಹುಡುಗನನ್ನೂ ಕೇಳಿದೆ, "ಈ ಕತ್ತಿಗಳ ಹಳೇ ಹಿಡಿ ಎಲ್ಲಪ್ಪ?" "ಹುಳ ಹಿಡಿದಿತ್ತು ಆಂಟಿ, ಎಸೆದ್ವಿ. ಇವು ಹೊಸಾವು, ಚೆನ್ನಾಗಿಲ್ವಾ?" ಎಂದ. ಚೆನ್ನಾಗಿತ್ತು. ಎಲ್ಲ ಒಂದೇ ಅಳತೆ, ಒಂದೇ ವಾರ್ನಿಷ್. ಬಯ್ಯಬೇಕು ಅಂದುಕೊಂಡೆ. ಮಾವನ ಮುಖ ನೆನಪಾಗಿ ಸುಮ್ಮನಾದೆ.

ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಯಾರದೋ ಕೈಯಲ್ಲಿ ಸವೆದ ಒಂದು ವಸ್ತು ಇದ್ದರೆ, ಅಥವಾ ಎಸೆದ ಮೇಲೆ ಅದನ್ನು ಕೇಳಿಕೊಂಡು ಯಾರಾದರೂ ಬಂದಿದ್ದರೆ, ಕೆಳಗೆ ಬರೆಯಿರಿ. ಉದ್ದವಾದರೂ ಪರವಾಗಿಲ್ಲ, ಓದುತ್ತೇನೆ. ಹಾಗೇ ಇನ್ನೊಂದು. ಸಾಗರದ ಕಡೆಯವರು ಅಟ್ಟದ ಮೇಲೆ, ಹಳೆಯ ಪೆಟ್ಟಿಗೆಯಲ್ಲಿ ಸ್ವಲ್ಪ ಕೈಯಾಡಿಸಿ ನೋಡಿ. ಟೈಲರ್ ಕತ್ತರಿ, ದೊಡ್ಡದು. ಹೆಬ್ಬೆಟ್ಟಿನ ಬಳೆಗೆ ಕೆಂಪು ಸ್ಯಾಟಿನ್ ಸುತ್ತಿ ಹೊಲಿದಿರುತ್ತದೆ. ಬಣ್ಣ ಹೋಗಿರಬಹುದು. ಸಿಕ್ಕರೆ ತಿಕ್ಕಬೇಡಿ, ತೊಳೆಯಬೇಡಿ. ಹಾಗೇ ಇಟ್ಟು ನನಗೊಂದು ಮಾತು ತಿಳಿಸಿ, ಬರುತ್ತೇನೆ.