ಮೊದಲು ಹಾಲು, ಆಮೇಲೆ ಆಟ

ವನಿತಾ ಟೀಚರಾಗಿ ಹೆಮ್ಮರಗಾಲದ ಆಚೆಯ ಒಂದು ಸಣ್ಣ ಪ್ರಾಥಮಿಕ ಶಾಲೆಗೆ ಬಂದ ಮೊದಲ ಶನಿವಾರವೇ ಬಿಸಿಯೂಟದ ಅಡುಗೆಯ ಚಿಕ್ಕಬಸಮ್ಮನವರನ್ನು ಕಂಡದ್ದು. ಬೆಳಿಗ್ಗೆ ಎಂಟಕ್ಕೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸೀಟಿ ಬಾಯಿಗಿಡುವಷ್ಟರಲ್ಲಿ ಅವರು ಅಡುಗೆಕೋಣೆಯಿಂದ ಹೊರಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಮೊಣಕೈವರೆಗೂ ಅಕ್ಕಿ ತೊಳೆದ ನೀರು.

"ಶನಿವಾರ ಬೆಳಗಿನ ಇಸ್ಕೂಲು ಕಣವ್ವ. ಅರ್ಧಕ್ಕರ್ಧ ಮಕ್ಳು ಏನೂ ತಿಂದಿರಕಿಲ್ಲ."

"ವೇಳಾಪಟ್ಟೀಲಿ ಹೀಗೇ ಇದೆ," ಎಂದು ವನಿತಾ ಸೀಟಿ ಊದಿದಳು. ವರ್ಷದ ದೈಹಿಕ ಶಿಕ್ಷಣದ ಯೋಜನೆಯನ್ನು ಅವಳೇ ಎರಡು ದಿನ ಕೂತು ಬರೆದಿದ್ದಳು.

ಮೈದಾನದ ಓಟದ ಎರಡನೇ ಸುತ್ತಿಗೆ ಮೂರನೇ ಕ್ಲಾಸಿನ ಅರ್ಪಿತ ಕಣ್ಣು ಕತ್ತಲೆ ಬಂದು ಕುಸಿದಳು. ಚಿಕ್ಕಬಸಮ್ಮ ಓಡಿಬಂದು ಮಡಿಲಿಗೆ ಹಾಕಿಕೊಂಡರು. ಅವಳು ಕಣ್ಣು ಬಿಟ್ಟ ಮೇಲೆ, ಹತ್ತು ಗಂಟೆಗೆ ಮಕ್ಕಳಿಗೆ ಕೊಡಲೆಂದು ಇಟ್ಟಿದ್ದ ಹಾಲನ್ನು ಕಾಯಿಸಿ ಗುಟುಕು ಗುಟುಕಾಗಿ ಕುಡಿಸಿದರು.

ವನಿತಾ ಶನಿವಾರದ ಆಟವೇ ಬೇಡವೆಂದು ಯೋಜನೆಯ ಪುಟದ ಮೇಲೆ ಗೆರೆ ಎಳೆಯಲು ಹೋದಳು.

"ತೆಗೀಬ್ಯಾಡಿ ಮೇಡಮ್ಮೋರೆ. ಆಟ ಅದೆ ಅಂತಾನೇ ಇವು ಶನಿವಾರ ಬತ್ತವೆ. ಹಾಲು ಮೊದ್ಲೇ ಕೊಟ್ರಾಯ್ತು, ನಾನು ಬೇಗ್ನೆ ಬತ್ತೀನಿ. ಅರ್ಧ ಗಂಟೆ ತಡ ಆದ್ರೆ ನಿಮ್ಮ ಪೀಪಿ ಏನೂ ತುಕ್ಕು ಹಿಡಿಯಕಿಲ್ಲ."

ಮಡಿಲಲ್ಲಿದ್ದ ಅರ್ಪಿತ ಹಾಲಿನ ಮೀಸೆ ಒರೆಸಿಕೊಳ್ಳದೆ ಕೇಳಿದಳು, "ಮಿಸ್, ಇನ್ನೊಂದು ಸುತ್ತು ಓಡ್ಲಾ?"

ವನಿತಾ ಪೆನ್ನು ಮುಚ್ಚಿದಳು. ಶಾಲೆ ಬಿಟ್ಟ ಮೇಲೆ ಅಡುಗೆಕೋಣೆಯ ಕಟ್ಟೆಯ ಮೇಲೆ ಕೂತು, ಯಾವ ಮಗು ಎಷ್ಟು ದೂರದಿಂದ ನಡೆದು ಬರುತ್ತದೆ ಎಂದು ಚಿಕ್ಕಬಸಮ್ಮನವರನ್ನೇ ಕೇಳಿ ಕೇಳಿ ಯೋಜನೆಯನ್ನು ಹೊಸದಾಗಿ ಬರೆದಳು.

ಅದಾಗಿ ನಾಲ್ಕು ವರ್ಷ. ಚಿಕ್ಕಬಸಮ್ಮ ಈಗ ಪ್ರತಿ ಶನಿವಾರ ಏಳು ಗಂಟೆಗೇ ಬಂದು ಹಾಲು ಕಾಯಿಸುತ್ತಾರೆ.