ರೋಲರ್ ಜೊತೆ ನಡೆದು ಬಂದ ಅವ್ವ

ಸಾಗರಕ್ಕೆ ಬಂದ ಮೊದಲ ಬೆಳಿಗ್ಗೆ ನಮ್ಮಪ್ಪನಿಗೆ ಸೂರ್ಯ ಸಿಗಲಿಲ್ಲ. ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಕೈಮುಗಿಯಲೆಂದು ಅಂಗಳಕ್ಕೆ ಬಂದವನು ನಿಂತಲ್ಲೇ ಒಂದು ಸುತ್ತು ತಿರುಗಿದ. ಎತ್ತ ನೋಡಿದರೂ ಮರ. ಗದಗಿನ ಕಡೆಯ ನಮ್ಮ ಊರಿನಲ್ಲಿ ಮಾಳಿಗೆ ಹತ್ತಿದರೆ ಪಕ್ಕದ ಹಳ್ಳಿಗಳ ಗುಡಿಗಳೆಲ್ಲ ಕಾಣುತ್ತವೆ, ಸೂರ್ಯ ಎರೆಹೊಲದ ಅಂಚಿನಿಂದ ನೇರವಾಗಿ ಎದ್ದು ಬರುತ್ತಾನೆ. ಇಲ್ಲಿ ಬೆಳಕು ಹರಿದು ಎಷ್ಟೋ ಹೊತ್ತಾದರೂ ಅವನ ಸುಳಿವಿಲ್ಲ. ಕೊನೆಗೆ ಅಪ್ಪ ಪಕ್ಕದ ಮನೆಯವರನ್ನು ಮೂಡಣ ದಿಕ್ಕು ಯಾವುದೆಂದು ಕೇಳಿ, ಅಲ್ಲಿದ್ದ ಹಲಸಿನ ಮರಕ್ಕೇ ಕೈಮುಗಿದ. ಬಾಗಿಲಲ್ಲಿ ನಿಂತಿದ್ದ ಅವ್ವನಿಗೆ ನಗು ತಡೆಯಲಾಗಲಿಲ್ಲ.

"ಎಲ್ಲಿ ಹೋಗ್ತಾನ ಬಿಡ್ರಿ, ಮರದ ಹಿಂದ ಅದಾನ" ಅಂದಳು.

ಅಪ್ಪ ಸರಕಾರಿ ರೋಡ್ ರೋಲರಿನ ಡ್ರೈವರು. ಅರವತ್ತರ ದಶಕದ ಶುರುವಿನಲ್ಲಿ ಈ ಕಡೆಯ ರಸ್ತೆಗಳನ್ನು ಅಗಲ ಮಾಡಿ ಜಲ್ಲಿ ಕೂರಿಸುವ ಕೆಲಸ ನಡೆದಿತ್ತು. ಹಾಗಾಗಿ ಅವನನ್ನೂ, ಅವನ ಹಿಂದೆ ಅವ್ವನನ್ನೂ ನನ್ನನ್ನೂ ಇಲ್ಲಿಗೆ ತಂದು ಬಿಟ್ಟರು. ಆ ರೋಲರಿಗೆ ಕೆಡುವುದೇ ಒಂದು ಚಟ. ಅದು ಎಲ್ಲಿ ಕೆಟ್ಟು ನಿಂತಿತೋ ಅಲ್ಲೇ ನಮ್ಮ ಬಿಡಾರ. ಸಾಗರದಲ್ಲಿ ಒಂದು ಕೋಣೆ, ಹೊಸನಗರದ ಹತ್ತಿರ ಯಾರದೋ ಖಾಲಿ ಕೊಟ್ಟಿಗೆ, ಆಮೇಲೆ ತೀರ್ಥಹಳ್ಳಿ; ಅಲ್ಲೇ ವರ್ಷಗಟ್ಟಲೆ ನಿಂತೆವು. ನಾವು ಎಲ್ಲಿರಬೇಕೆಂದು ಅಪ್ಪನೂ ತೀರ್ಮಾನಿಸಲಿಲ್ಲ, ಸಾಹೇಬರೂ ತೀರ್ಮಾನಿಸಲಿಲ್ಲ.

ಸಾಗರದಿಂದ ಹೊಸನಗರದ ಕಡೆ ಹೊರಟಾಗ ಸಾಮಾನು ಲಾರಿ ಏರಿತು. ನಾವೂ ಏರಬೇಕಿತ್ತು. ಅವ್ವ ಒಪ್ಪಲಿಲ್ಲ. ಅಪ್ಪನ ಜೊತೆ ನಡೆದೇ ಬರುತ್ತೇನೆ ಎಂದು ಹಟ ಹಿಡಿದಳು. ರೋಲರಿನ ಪಕ್ಕದಲ್ಲಿ ನಡೆದರೆ ಅವಸರವೇ ಇಲ್ಲ ನೋಡಿ. ಅವ್ವ ಕಾಡಿನೊಳಗೆ ಹೊಕ್ಕು, ಒಂದು ಗಿಡ ಮೂಸಿ, ಒಂದು ಕಾಯಿ ಒಡೆದು ನೋಡಿ, ಎದುರು ಸಿಕ್ಕ ಸೌದೆ ಹೊರೆಯವಳನ್ನು ನಿಲ್ಲಿಸಿ ಹೆಸರು ಕೇಳಿ ತಿರುಗಿ ಬಂದರೂ ರೋಲರ್ ಇನ್ನೂ ಅದೇ ತಿರುವಿನಲ್ಲಿ ಗುಡುಗುಡು ಅನ್ನುತ್ತಿರುತ್ತಿತ್ತು. ಬೇವು, ಜಾಲಿ, ಹುಣಸೆ ಬಿಟ್ಟರೆ ಬೇರೆ ಮರ ಕಂಡವಳಲ್ಲ ಅವಳು. ಇಷ್ಟು ದಿನ ಇದನ್ನೆಲ್ಲ ತನ್ನಿಂದ ಬಚ್ಚಿಟ್ಟಿದ್ದರೇನೋ ಅನ್ನುವ ಹಾಗೆ ಖುಷಿಯ ಜೊತೆಗೆ ಸಣ್ಣ ಸಿಟ್ಟೂ ಇತ್ತು ಅವಳ ಮುಖದಲ್ಲಿ.

ಆ ದಾರಿಯಲ್ಲಿ ರಸ್ತೆಗೆಂದು ಕಡಿದು ಹಾಕಿದ್ದ ಒಂದು ಮರದ ಕೊಂಬೆಗೆ ದಪ್ಪ ಎಲೆಯ ಗಿಡವೊಂದು ಅಂಟಿಕೊಂಡಿತ್ತು. ಗೇಣುದ್ದದ ಹೂವಿನ ಗೊಂಚಲು ಜಡೆಯಂತೆ ಇಳಿಬಿದ್ದಿತ್ತು. ಬಿಳಿಯ ಮೇಲೆ ಗುಲಾಬಿ ಚುಕ್ಕೆ. ಸೀತಾಳೆ ದಂಡೆ ಅಂದರು ಅಲ್ಲಿನವರು. ಅವ್ವ ಅದನ್ನು ಬಿಡಿಸಿ ಮಡಿಲಿಗೆ ಹಾಕಿಕೊಂಡಳು. ಅಪ್ಪ ರೋಲರಿನ ಮೇಲಿನಿಂದಲೇ, ಇನ್ನೂ ಎಷ್ಟು ಕಸ ಹೊರುತ್ತೀ ಎಂದು ಕೂಗಿದ.

"ನಿಮ್ಮ ರಸ್ತಾ ಕೆಡವಿದ್ದನ್ನ ನಾ ಎತ್ಕೊಂಡ್ ಹೊಂಟೀನ್ರಿ. ನಿಮಗೇನ್ ಭಾರ?" ಅಂದಳು.

ಊರು ಬಿಡುವಾಗ ಅವ್ವ ಒಂದು ಡಬ್ಬಿ ತುಂಬ ನಮ್ಮ ಹೊಲದ ಎರೆಮಣ್ಣು ತಂದಿದ್ದಳು. ಎಲ್ಲಿ ಏನು ನೆಟ್ಟರೂ ಬುಡಕ್ಕೆ ಒಂದು ಹಿಡಿ ನಮ್ಮ ಮಣ್ಣಿರಲಿ ಎಂದು ಆಸೆ. ಹೊಸನಗರದ ಬಿಡಾರದಲ್ಲಿ ಹಳೆಯ ಮಡಕೆಗೆ ಆ ಕರಿ ಮಣ್ಣು ತುಂಬಿ, ಮೇಲೆ ಸಗಣಿ ಗೊಬ್ಬರ ಹಾಕಿ, ದಂಡೆಯ ಬೇರನ್ನು ಆಳಕ್ಕೆ ಹುಗಿದು, ಎರಡು ಹೊತ್ತು ನೀರು ಹೊಯ್ದಳು. ತನ್ನ ಹತ್ತಿರ ಇದ್ದುದರಲ್ಲಿ ಒಳ್ಳೆಯದನ್ನೇ ಕೊಟ್ಟಿದ್ದಳು. ಸ್ವಲ್ಪ ದಿನದಲ್ಲೇ ಗಿಡ ಕೊಳೆತು ವಾಸನೆ ಹೊಡೆಯಿತು. ಅವತ್ತು ಅವ್ವ ಊಟ ಮಾಡಲಿಲ್ಲ.

ಮುಂದೆ ತೀರ್ಥಹಳ್ಳಿಯ ದಾರಿಯಲ್ಲಿ ಇನ್ನೊಂದು ದಂಡೆ ಸಿಕ್ಕಿತು, ಹೂವಿಲ್ಲದ್ದು. ಈ ಸಲ ಅವಳಿಗೆ ನೆಡಲು ಭಯ. ಅದು ಹೊಸ ಬಿಡಾರದ ಜಗಲಿಯ ಮೂಲೆಯಲ್ಲೇ ಬಿದ್ದಿತ್ತು.

ತೀರ್ಥಹಳ್ಳಿಯ ಜನ ಮೊದಮೊದಲು ನಮ್ಮನ್ನು ದೂರದಿಂದಲೇ ನೋಡುತ್ತಿದ್ದರು. ಅಪ್ಪ ಮಾಮೂಲಿಯಾಗಿ ಮಾತಾಡಿದರೂ ಜಗಳ ಆಡುತ್ತಿದ್ದಾನೆ ಅಂದುಕೊಳ್ಳುತ್ತಿದ್ದರು. ಅವ್ವ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿ, ಒಳಗೆ ಯಾರನ್ನೋ ಹೊಡೆಯುತ್ತಿದ್ದಾರೆ ಎಂದು ಪಕ್ಕದ ಮನೆಯ ಪುಟ್ಟಮ್ಮ ಓಡಿಬಂದಳು. ಗದ್ದೆ ಗೇಣಿ ಮಾಡುವ ಮನೆಯ ಹೆಂಗಸು, ಮೈಗಟ್ಟಿನವಳು. ಒಲೆಯ ಮುಂದೆ ಅವ್ವನ ಕೈಯಲ್ಲಿ ಚಂದ್ರನಂತೆ ಅಗಲವಾಗುತ್ತಿದ್ದ ರೊಟ್ಟಿ ಕಂಡು ಅಲ್ಲೇ ಕೂತುಬಿಟ್ಟಳು. ಒಂದು ತಿಂದಳು, ಮತ್ತೊಂದು ಕೇಳಿ ತಿಂದಳು. ಮರುದಿನ ಅಕ್ಕಿ ಕಡುಬು ತಂದುಕೊಟ್ಟಳು. ಅವ್ವನ ಹೆಸರು ಬಸವ್ವ, ಆವತ್ತಿನಿಂದ ಬಸಮ್ಮ ಆದಳು. ಮೂಲೆಯಲ್ಲಿದ್ದ ದಂಡೆ ಪುಟ್ಟಮ್ಮನ ಕಣ್ಣಿಗೆ ಬಿತ್ತು, ಮಡಕೆಯ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಇದ್ನ ಮಣ್ಣಲ್ಲಿ ಹುಗಿತಾರೇನ್ರೀ ಬಸಮ್ಮ? ಇದು ಮರ ಹಿಡ್ಕಂಡು ಬದುಕೋದು. ಮರದ್ದು ಏನೂ ಕಿತ್ಕಳಲ್ಲ. ಒಂಚೂರು ಜಾಗ ಕೊಟ್ರೆ ಸಾಕು."

ಇಬ್ಬರೂ ಸೇರಿ ಹಿತ್ತಲ ಮಾವಿನ ಮರಕ್ಕೆ ತೆಂಗಿನ ನಾರಿನಿಂದ ಅದನ್ನು ಕಟ್ಟಿದರು. ಹೂ ಬಿಡಲು ವರ್ಷಗಳೇ ಆಗಬಹುದು ಅಂದಳು ಪುಟ್ಟಮ್ಮ. ಅವ್ವ ದಿನಾ ಹೋಗಿ ಅದನ್ನು ಮಾತಾಡಿಸಿ ಬರುತ್ತಿದ್ದಳು.

ಆದರೆ ಈ ನಾಡು ಅವ್ವನ ಮನಸ್ಸಿಗೆ ಒಗ್ಗಿದಷ್ಟು ಎದೆಗೆ ಒಗ್ಗಲಿಲ್ಲ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಥಂಡಿಗೆ ದಮ್ಮು ಹಿಡಿಯಿತು. ಒಂದೊಂದು ವಾರ ಗೋಡೆಗೆ ಒರಗಿ ಕೂತೇ ಕಳೆಯುತ್ತಿದ್ದಳು. ಒಣ ಹವೆಯ ಊರಿಗೆ ಇವರನ್ನು ಕರೆದುಕೊಂಡು ಹೋಗಬೇಕು, ಇಲ್ಲಿ ಇನ್ನೊಂದು ಮಳೆಗಾಲ ಕಷ್ಟ ಅಂದರು ಡಾಕ್ಟರು. ಅಪ್ಪ ಓಡಾಡಿ ಗದಗಿಗೆ ವರ್ಗ ಮಾಡಿಸಿಕೊಂಡ. ಅವನಿಗಂತೂ ಬಿಡುಗಡೆಯೇ ಸಿಕ್ಕಿದಂತಾಗಿತ್ತು. ಅಷ್ಟು ಹೊತ್ತಿಗೆ ದಂಡೆಯ ಎಲೆಯ ಬುಡದಲ್ಲಿ ಮೊಗ್ಗಿನ ತುದಿ ಕಂಡಿತು. ಇದು ಹೂ ಬಿಡುವ ತನಕ ನಾನು ಬರುವುದಿಲ್ಲ ಎಂದು ಅವ್ವ ಕೂತಳು. ಅಪ್ಪ ಬೈದ, ಬೇಡಿಕೊಂಡ, ಮಾತು ಬಿಟ್ಟ. ಮೋಡ ಕಟ್ಟುತ್ತಿತ್ತು. ರಾತ್ರಿ ಅವ್ವನ ಉಸಿರಿನ ಸಿಳ್ಳೆ ಕೇಳಿ ನನಗೆ ಜೀವ ಹೋದಂತಾಗುತ್ತಿತ್ತು.

ಮೊದಲ ಮಳೆ ಬಿದ್ದ ಮೇಲೆ ಅದು ಅರಳಿತು. ಪುಟ್ಟಮ್ಮ ಗೊಂಚಲನ್ನು ಮೆಲ್ಲಗೆ ಬಿಡಿಸಿ ತಂದು ಅವ್ವನ ತುರುಬಿಗೆ ಸುತ್ತಿದಳು. ಒಂದೊಂದು ಮಾತಿಗೂ ಏದುಸಿರು ಬಿಡುತ್ತಿದ್ದವಳು ಕನ್ನಡಿ ನೋಡಿ ಹುಡುಗಿಯ ಹಾಗೆ ನಕ್ಕಳು. ಅಪ್ಪ ಅದನ್ನು ನೋಡಿದ. ಮರುದಿನ ಆಫೀಸಿಗೆ ಹೋಗಿ ವರ್ಗ ಬೇಡವೆಂದು ಹೇಳಿ ಬಂದ. ಮಳೆಗಾಲಕ್ಕೆ ಅವ್ವ ಊರಿಗೆ ಹೋಗಬೇಕು, ಮಳೆ ಮುಗಿದ ಮೇಲೆ ಇಲ್ಲಿಗೆ ಬರಬೇಕು, ಇದು ಅವರಿಬ್ಬರ ರಾಜಿ.

ಹಾಗೆ ಅವ್ವ ಕೆಲವು ವರ್ಷ ಎರಡು ಊರಿನವಳಾಗಿ ಬದುಕಿದಳು. ಅಲ್ಲಿ ಕೂತು ಇಲ್ಲಿಯ ಅಪ್ಪೆಮಿಡಿ ಉಪ್ಪಿನಕಾಯಿಯ ಮಾತು, ಇಲ್ಲಿ ಕೂತು ಅಲ್ಲಿಯ ಎಳೆ ಜೋಳದ ಸೀತನಿಯ ಮಾತು. ಕಾಯಿಲೆ ಬಿಡಲಿಲ್ಲ, ಅವಳ ಗಿಡದ ಹುಚ್ಚೂ ಬಿಡಲಿಲ್ಲ. ಪ್ರತಿ ಸಲ ದಂಡೆ ಅರಳಿದ ಮೇಲೆಯೇ ಬಸ್ಸು ಹತ್ತುವುದು. ಕೊನೆಯ ವರ್ಷ ನಾಲ್ಕು ಹೆಜ್ಜೆ ಇಡುವುದೂ ಕಷ್ಟವಾಗಿತ್ತು. ಈ ಸಲ ಹೋಗಬೇಡ, ದಾರಿಯಲ್ಲಿ ಏನಾದರೂ ಆದರೆ ಎಂದು ನಾನು ಅತ್ತೆ.

"ರೋಲರ್ ಎಲ್ಲಿ ಕೆಡತೈತೋ ಅಲ್ಲೇ ಬಿಡಾರ, ಹೌದಿಲ್ಲೋ?" ಅಂದಳು. "ಅದಕ್ಯಾಕ ಅಳ್ತಿ?"

ಆ ಮಳೆಗಾಲದಲ್ಲಿ ಅವ್ವ ಊರಿನಲ್ಲೇ ತೀರಿಕೊಂಡಳು. ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು.

ಮರುವರ್ಷ ತೀರ್ಥಹಳ್ಳಿಯಲ್ಲಿ ದಂಡೆ ಅರಳಿದಾಗ ನಾನು ಗೊಂಚಲನ್ನು ಬಾಳೆಪಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು, ರೈಲು ಹತ್ತಿ ಊರಿಗೆ ಹೋದೆ. ಬಾಡಿತ್ತು, ಆದರೂ ಚಂದವಿತ್ತು. ಗೋರಿಯ ಮೇಲೆ ಇಡುವಾಗ ಹೊಲದ ಹೆಂಗಸರು ಸುತ್ತ ನಿಂತು, ಇದೆಲ್ಲಿಯ ಹೂವು ಎಂದು ಕೇಳಿದರು. ನಮ್ಮೂರಿನದು ಅಂದೆ. ಹಾಗಾದರೆ ಇದು ಯಾರ ಊರು ಎಂದು ಮುದುಕಿಯೊಬ್ಬಳು ನಕ್ಕಳು. ನಾನೂ ನಕ್ಕೆ.

ಬರುವಾಗ ಅದೇ ಬಾಳೆಪಟ್ಟೆಯಲ್ಲಿ ಒಂದು ಹಿಡಿ ಎರೆಮಣ್ಣು ಕಟ್ಟಿಕೊಂಡು ಬಂದೆ. ಪುಟ್ಟಮ್ಮ ಬಿಚ್ಚಿ ನೋಡಿದಳು.

"ಮಣ್ಣೆಂತಕ್ಕೆ ತಂದ್ಯೇ ಹುಡ್ಗಿ? ದಂಡೆಗೆ ಮಣ್ಣು ಬ್ಯಾಡ."

"ದಂಡೆಗಲ್ಲ ಪುಟ್ಟಮ್ಮ," ಅಂದೆ, "ನಂಗೆ."