ಕೆಂಪು ಹ್ಯಾಟೆಗೆ ಅಮ್ಮ ಬಂದಾಗ

ಉತ್ತರಹಳ್ಳಿಯ ನಮ್ಮ ಹಿತ್ತಲು ಎಂದರೆ ಒಂದು ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ, ಗೋಡೆಗೆ ಒರಗಿಸಿಟ್ಟ ಹಳೇ ತಗಡುಗಳು, ಅಷ್ಟೇ. ಹೊಲವಿದ್ದ ಜಾಗದಲ್ಲೆಲ್ಲ ಈಗ ಬಾಡಿಗೆ ಮನೆಗಳು. ಹಸು ಹೋದವು, ಕುರಿ ಹೋದವು, ನಮ್ಮತ್ತೆ ಕೋಳಿಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ. ಜಯನಗರದ ಫ್ಲ್ಯಾಟಿನಲ್ಲಿ ಬೆಳೆದ ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅವುಗಳ ಹಿಕ್ಕೆ ತುಳಿದು ದಿನಾ ಬೈದುಕೊಳ್ಳುತ್ತಿದ್ದೆ.

ಆದರೆ ಆ ಕೆಂಪು ಹ್ಯಾಟೆಯ ವಿಷಯ ಬೇರೆ. ಮೊಟ್ಟೆಯಿಡುವ ಹೆಣ್ಣು ಕೋಳಿಗೆ ಇಲ್ಲಿ ಹ್ಯಾಟೆ ಎನ್ನುತ್ತಾರೆ. ನನ್ನ ಬಾಣಂತನದಲ್ಲಿ ಅತ್ತೆ ಬೇಯಿಸಿ ಕೊಟ್ಟ ಮೊಟ್ಟೆಗಳೆಲ್ಲ ಅದರವೇ. ಮಗುವನ್ನು ಬಿಸಿಲಿಗೆ ಹಿಡಿದು ಹಿತ್ತಲಲ್ಲಿ ಕೂತರೆ ಅದು ಬಂದು ನನ್ನ ಕಾಲ ಪಕ್ಕ ರೆಕ್ಕೆ ಹರಡಿಕೊಂಡು ಮಲಗುತ್ತಿತ್ತು. ನಾನೇನು ಸಾಚಾ ಅಲ್ಲ, ನಾಟಿಕೋಳಿ ಸಾರು ಎಂದರೆ ಎರಡನೇ ಸಲ ಬಡಿಸಿಕೊಳ್ಳುವವಳೇ. ಆದರೂ ಈ ಒಂದನ್ನು ತಟ್ಟೆಯಲ್ಲಿ ಕಾಣುವ ಶಕ್ತಿ ನನಗಿರಲಿಲ್ಲ.

ಮಳೆಗಾಲ ಮುಗಿಯುತ್ತಿದ್ದಂತೆ ಅದರ ಪುಕ್ಕ ಉದುರತೊಡಗಿತು. ಮೊದಲು ಕತ್ತು, ಆಮೇಲೆ ಎದೆ, ಬೆನ್ನು, ಬಾಲ. ಬೆಳಿಗ್ಗೆ ಅದು ಮಲಗುವ ತಗಡಿನ ಮರೆಗೆ ಹೋದರೆ ದಿಂಬು ಹರಿದು ಹಾಕಿದಂತೆ ಗರಿಗಳ ರಾಶಿ. ಮೊಟ್ಟೆ ನಿಂತುಹೋಯಿತು. ನುಣ್ಣನೆಯ ಗುಲಾಬಿ ಚರ್ಮ ಹೊತ್ತುಕೊಂಡು ಮೂಲೆಯಲ್ಲಿ ನಡುಗುತ್ತ ನಿಲ್ಲುತ್ತಿತ್ತು. ಅದೇ ಹೊತ್ತಿಗೆ ಬಾಚಣಿಗೆಯ ತುಂಬ ನನ್ನ ಕೂದಲೂ ಬರುತ್ತಿತ್ತು. ಇಬ್ಬರದೂ ಒಂದೇ ಗತಿ ಎಂದು ಅದರ ಮುಂದೆ ಕೂತು ಒಂದೆರಡು ಸಲ ಅತ್ತಿದ್ದೇನೆ.

ಮಹಡಿ ಮನೆಯ ಬಾಡಿಗೆಯವರು ಇಣುಕಿ ನೋಡಿ, "ಏನ್ ಆಂಟಿ, ಕೋಳಿಗೆ ರೋಗಾನಾ?" ಎಂದು ಅತ್ತೆಯನ್ನು ಕೇಳಿದ್ದೇ ನೆಪವಾಯಿತು. ನನ್ನ ಗಂಡ ತೀರ್ಮಾನ ಮಾಡಿಬಿಟ್ಟ.

"ಭಾನುವಾರ ಕುಯ್ದುಬಿಡೋಣ. ಮೊಟ್ಟೆನೂ ಇಲ್ಲ, ಏನೂ ಇಲ್ಲ. ಮಗು ಇರೋ ಮನೆ."

"ರೋಗ ಅಂತೀರ, ಅದನ್ನೇ ತಿಂತೀರಾ? ತಲೆ ನೆಟ್ಟಗಿದ್ಯಾ ನಿಮ್ಗೆ?" ಎಂದು ನಾನು ಹಾರಾಡಿದೆ.

"ತಿನ್ನದಿದ್ರೆ ಬಿಡು, ಯಾರಿಗಾದ್ರೂ ಕೊಟ್ಟುಬಿಡ್ತೀನಿ. ಮನೇಲಿ ಮಾತ್ರ ಇರಬಾರ್ದು" ಎಂದ. ಹಟಕ್ಕೆ ಬಿದ್ದರೆ ಅವನನ್ನು ಅಲುಗಿಸುವುದು ಆಗದ ಮಾತು. ಅತ್ತೆ ತಲೆಯೆತ್ತದೆ ರಾಗಿ ಆರಿಸುತ್ತಿದ್ದರು. ನನಗೆ ಅವರ ಮೇಲೂ ಸಿಟ್ಟು ಬಂತು.

ಭಾನುವಾರ ಬೆಳಿಗ್ಗೆ ಅವನು ಕೋಳಿ ಹಿಡಿಯಲು ಪಂಚೆ ಎತ್ತಿ ಕಟ್ಟಿಕೊಂಡು ಹಿತ್ತಲಿಗೆ ಬಂದ. ಅತ್ತೆ ಅವನಿಗಿಂತ ಮೊದಲೇ ಅಲ್ಲಿದ್ದರು. ತಗಡಿನ ಮುಂದೆ ಬೇವಿನ ಸೊಪ್ಪಿನ ಗೊಂಚಲು ನೇತುಹಾಕುತ್ತಿದ್ದರು.

"ಮುಟ್ಬೇಡ ಕಣಪ್ಪ. ಅಮ್ಮ ಬಂದವ್ಳೆ."

ಮೈಮೇಲೆ ಸಿಡುಬಿನಂಥ ಗುಳ್ಳೆ ಎದ್ದರೆ ನಮ್ಮಲ್ಲಿ ರೋಗ ಎನ್ನುವುದಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತಾರೆ. ಅವಳು ಹೋಗುವವರೆಗೆ ಮನೆಯಲ್ಲಿ ಕೋಳಿ ಕುಯ್ಯುವ ಹಾಗಿಲ್ಲ, ಬಾಡು ಬೇಯುವ ಹಾಗಿಲ್ಲ, ಒಗ್ಗರಣೆ ಹಾಕುವ ಹಾಗಿಲ್ಲ, ಗಡ್ಡ ಕೆರೆಯುವ ಹಾಗೂ ಇಲ್ಲ. ನಾನೂ ಬಗ್ಗಿ ನೋಡಿದೆ. ಹೌದು, ಹ್ಯಾಟೆಯ ಚರ್ಮದ ತುಂಬ ಸಾಲು ಸಾಲಾಗಿ ನೀಲಿ ಗುಳ್ಳೆಗಳು.

"ಕೋಳಿಗೂ ಅಮ್ಮ ಬರ್ತಾಳೇನವ್ವಾ?" ಎಂದ ಗಂಡ. ದನಿ ಆಗಲೇ ಇಳಿದಿತ್ತು.

"ಯಾಕೆ, ಅದಕ್ಕೆ ಜೀವ ಇಲ್ವಾ? ಮಗು ಇರೋ ಮನೇಲಿ ಅವಳನ್ನ ಎದುರು ಹಾಕ್ಕೊಂತೀಯಾ?"

ಅವನು ಪಂಚೆ ಇಳಿಸಿ ಒಳಗೆ ಹೋದ. ಅಂದಿನಿಂದ ನಮ್ಮ ಮನೆಯಲ್ಲಿ ಸಪ್ಪೆ ಸಾರು. ಅವನು ಗಡ್ಡ ಬಿಟ್ಟುಕೊಂಡು ಆಫೀಸಿಗೆ ಹೋಗುತ್ತಿದ್ದ. ಕೇಳಿದವರಿಗೆ ಏನು ಹೇಳುತ್ತಿದ್ದನೋ, ಪಾಪ.

ಅತ್ತೆ ಹ್ಯಾಟೆಗೆ ನೆನೆಸಿದ ಕಡಲೆಕಾಯಿ ಹಿಂಡಿ ಇಡುತ್ತಿದ್ದರು, ಕರಿಬೇವಿನ ಬುಡ ಕೆದಕಿ ಎರೆಹುಳ ಹಾಕುತ್ತಿದ್ದರು. ನಾನು ಸವರಲು ಕೈ ಚಾಚಿದರೆ, "ಮುಟ್ಬೇಡ್ವೇ, ಒಳಗೆಲ್ಲ ಹಸಿ ರಕ್ತ ಐತೆ, ನೋಯ್ತದೆ" ಎಂದು ಗದರುತ್ತಿದ್ದರು. ಹಾಗಾಗಿ ನಾನು ಬರೀ ನೋಡುತ್ತ ಕೂತೆ.

ಅಬ್ಬಾ, ಏನು ನೋಡಿದೆ! ಆ ಗುಳ್ಳೆಗಳು ದಿನದಿನಕ್ಕೂ ಉದ್ದವಾಗಿ ಕಡ್ಡಿಗಳಾದವು. ಹ್ಯಾಟೆ ಮುಳ್ಳುಹಂದಿಯ ಹಾಗೆ ಕಾಣುತ್ತಿತ್ತು. ಒಂದು ಬೆಳಿಗ್ಗೆ ಅದು ಕೊಕ್ಕಿನಿಂದ ಎದೆಯ ಮೇಲಿನ ಒಂದು ಕಡ್ಡಿಯನ್ನು ಮೆಲ್ಲಗೆ ಕಚ್ಚಿತು. ಮೇಲಿನ ಸಿಪ್ಪೆ ಬಿಳಿ ಹೊಟ್ಟಾಗಿ ಉದುರಿತು. ಒಳಗೆ ಸುರುಳಿ ಸುತ್ತಿಕೊಂಡಿದ್ದ ಗರಿ ತುದಿಯಿಂದ ಬಿಚ್ಚಿಕೊಂಡಿತು. ಕೆಂಪು, ಅಂಚಿನಲ್ಲಿ ಚೂರು ಕಪ್ಪು, ಒಂದು ಎಳೆಯೂ ಮುರಿದಿಲ್ಲ. ಅಷ್ಟು ದೊಡ್ಡದನ್ನು ಅಷ್ಟು ಸಣ್ಣ ಕಡ್ಡಿಯೊಳಗೆ ಯಾರು ಮಡಚಿಟ್ಟರು? ಮಗುವನ್ನು ಎದೆಗೆ ಅವಚಿಕೊಂಡು ಕೂತಿದ್ದೆ. ನನ್ನ ಹೊಟ್ಟೆಯೊಳಗೆ ಇವಳ ಉಗುರು, ರೆಪ್ಪೆ ಎಲ್ಲ ಮೂಡಿದ್ದು ನನಗೇ ಗೊತ್ತಾಗಿರಲಿಲ್ಲವಲ್ಲ ಎನ್ನಿಸಿತು.

ಕೊನೆಗೆ, ಮೈತುಂಬ ಪುಕ್ಕ ಬಂದ ಮೇಲೆ, ಅತ್ತೆ ಅಮ್ಮನಿಗೆ ತಂಪು ಮಾಡಿದರು. ಮೊಸರನ್ನ ಎಡೆಯಿಟ್ಟು, ಬೇವಿನ ನೀರು ಚಿಮುಕಿಸಿದರು. ಹ್ಯಾಟೆ ಮೈ ಕೊಡವಿತು. ಬಿಸಿಲಿಗೆ ಅದರ ಕೆಂಪು ಎಷ್ಟು ಹೊಳೆಯಿತೆಂದರೆ ನನ್ನ ಗಂಡ ಗಡ್ಡದ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟ.

"ಅಮ್ಮ ಬಂದು ಹೋಗಿರೋ ಮೈ. ಇನ್ ಇದರ ತಂಟೆಗೆ ಯಾರೂ ಹೋಗ್ಬೇಡಿ" ಎಂದು, ಯಾರೋ ಹೋಗಲಿದ್ದರೆಂಬಂತೆ ನಮಗೇ ಹೇಳಿ, ಗಡ್ಡ ತೆಗೆಸಲು ಓಡಿದ.

ನಾನು ಅತ್ತೆಯ ಕಡೆ ತಿರುಗಿದೆ. "ಅದು ಪುಕ್ಕ ಬರೋ ಗುಳ್ಳೆ ಅಂತ ನಿಮಗೆ ಮೊದಲೇ ಗೊತ್ತಿತ್ತು, ಅಲ್ವಾ ಅತ್ತೆ?"

"ಹುಟ್ಟಿದಾಗಿಂದ ಕೋಳಿ ಸಾಕ್ದೋಳು ನಾನು. ವರ್ಷ ವರ್ಷ ಕಂಡಿದ್ದೇ."

"ಮತ್ತೆ ಅಮ್ಮ ಅಂದ್ರಿ? ಅವಳ ಹೆಸರಲ್ಲಿ ಸುಳ್ಳು ಹೇಳಕ್ಕೆ ಭಯ ಆಗ್ಲಿಲ್ವಾ?"

ಅತ್ತೆ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದರು. ಆಮೇಲೆ ಹ್ಯಾಟೆಯ ಕಡೆ ಕೈ ತೋರಿಸಿದರು.

"ಇಷ್ಟನ್ನೂ ಒಳಗಿಂದ ತಂದು ಹೊದಿಸಿದ್ದು ಮತ್ತಿನ್ಯಾರೇ? ಇದ್ರಲ್ಲಿ ಸುಳ್ಳೇನು ಬಂತು?"

ನನಗರಿವಿಲ್ಲದೆ ಹ್ಯಾಟೆಯ ಕಡೆ ಕೈ ಮುಗಿದೆ. ಕಾಳು ಇದೆಯೇನೋ ಎಂದುಕೊಂಡು ಹ್ಯಾಟೆ ಹತ್ತಿರ ಬಂದು, ಕತ್ತು ಚಾಚಿ ನನ್ನ ಬೆರಳುಗಳ ಸಂದಿಯಲ್ಲಿ ಇಣುಕಿ ನೋಡಿತು.